ಗಾಳಿಯ ಲೆಕ್ಕ

ಸಿಲಿಂಡರನ್ನು ಎತ್ತಬಾರದು, ವಾಲಿಸಬೇಕು.
ಕತ್ತು ಎಡಗೈಲಿ, ಬಲಗೈ ಸೊಂಟಕ್ಕೆ,
ಬುಡದ ಅಂಚಿನ ಮೇಲೆ ಮೆಲ್ಲಗೆ ತಿರುವಿದರೆ
ಕುಡಿದ ಭಾವನನ್ನು ಓಣಿಯಲ್ಲಿ ನಡೆಸಿಕೊಂಡು ಬಂದ ಹಾಗೆ
ಗೊಣಗುತ್ತಲೇ ಬರುತ್ತದೆ ಜೊತೆಗೆ.
ಮೂವತ್ತೊಂದು ವರ್ಷ ನಾನು ಮಾಡಿದ ವಿದ್ಯೆ ಇದು.

ಗುಡ್ಡಕ್ಕೆ ಶಿವಮೊಗ್ಗದವರು ಇಟ್ಟ ಹೆಸರು ಕೆಮ್ಮುಗುಡ್ಡ.
ಕಂಡಕ್ಟರ್ ಕೂಗುವುದೂ ಅದನ್ನೇ.
ಬರುವವರು ಒಂದು ಸ್ಟಾಪು ಮುಂದೆ ಇಳಿದು
ಹಿಂದಕ್ಕೆ ನಡೆದು ಬರುತ್ತಾರೆ, ಯಾರಾದರೂ ನೋಡಿಯಾರೆಂದು.
ಗೇಟಿನ ಕಲ್ಲಲ್ಲಿ ಬೇರೆ ಹೆಸರು ಕೆತ್ತಿದೆ,
ಅದನ್ನು ಓದುವುದು ಪಾಚಿ ಮಾತ್ರ.

ನಮ್ಮಪ್ಪ ಬೂದ್ಯಪ್ಪನ ಕಾಲಕ್ಕೆ
ಗಾಳಿಯೇ ಮದ್ದು.
ಪಡುವಣ ವರಾಂಡದಲ್ಲಿ ಇಪ್ಪತ್ತೆರಡು ಮಂಚ,
ಗೋಡೆಯೇ ಬೇಡವೆಂದು ಕಟ್ಟಿದ ಕಟ್ಟಡ,
ಬೆಳಿಗ್ಗೆ ಹಸಿಮೊಟ್ಟೆ, ಸಂಜೆ ಹಾಲು,
ನಡುವೆ ಮಾತಾಡಕೂಡದು.
ಅಪ್ಪ ಕಫದ ಬಟ್ಟಲು ಒಟ್ಟುಮಾಡಿ
ಮರದ ಹೊಟ್ಟು ಬೆರೆಸಿ ಸುಡುತ್ತಿದ್ದ.
ಮದುವೆಮನೆಯ ಪಂಕ್ತಿಯಲ್ಲಿ ಅವನ ಆಚೀಚೆ
ಒಂದೊಂದು ಎಲೆ ಖಾಲಿ.

ಆಮೇಲೆ ಸೂಜಿ ಬಂತು. ತೊಂಬತ್ತು ಸೂಜಿ,
ತೊಂಬತ್ತು ರಾತ್ರಿ ಮಗ್ಗುಲು ಹುಡುಕುವುದು.
ಕೆಲವರಿಗೆ ಕಿವಿ ಹೋಯಿತು.
ಕೆಮ್ಮು ನಿಂತದ್ದನ್ನು
ತಾವೇ ಕೇಳಿಸಿಕೊಳ್ಳಲಾರದೆ ಊರಿಗೆ ಹೋದರು.

ಎಂಬತ್ತರ ಗ್ರಹಣವನ್ನು ನಾವು ಕ್ವಾರ್ಟರ್ಸಿನ ಹುಡುಗರು
ರದ್ದಿ ಎಕ್ಸ್‌ರೇ ಫಿಲ್ಮಿನಲ್ಲಿ ನೋಡಿದೆವು.
ಯಾರದೋ ಶ್ವಾಸಕೋಶದ ಕಪ್ಪಿನೊಳಗೆ
ಕಚ್ಚಿ ಬಿಟ್ಟ ಹಪ್ಪಳದಂಥ ಸೂರ್ಯ.
ಅಪ್ಪ ಬಂದು ಫಿಲ್ಮು ಕಿತ್ತುಕೊಂಡ:
‘ಅದು ಹೋದ ವಾರ ತೀರಿಕೊಂಡವರದು ಕಣ್ರೋ.’

ನನ್ನ ಪಾಳಿಗೆ ಬಂದವರು ಬೇರೆ:
ಕ್ವಾರಿಯ ಕಲ್ಲುಪುಡಿ ಉಸಿರಾಡಿದವರು,
ಭದ್ರಾವತಿಯ ಕುಲುಮೆಯ ಮುಂದೆ ನಿಂತವರು,
ಒಲೆಯ ಮುಂದೆ ಕೂತವರು.
ನಡುರಾತ್ರಿ ನನ್ನ ಸಿಲಿಂಡರ್ ಗರಗರ ಬರುವಾಗ
ವಾರ್ಡಿಗೆ ವಾರ್ಡೇ ಕಣ್ಣು ಬಿಡುತ್ತಿತ್ತು.
ಯಾರ ಮಂಚಕ್ಕೆ?
ಸದ್ದು ನಿಲ್ಲುತ್ತಿತ್ತು. ಸ್ಪ್ಯಾನರು ಠಣ್ಣೆನ್ನುತ್ತಿತ್ತು.
ಉಳಿದವರು ಮಗ್ಗುಲಾಗುತ್ತಿದ್ದರು.

ಆ ಏಪ್ರಿಲ್ ಬಗ್ಗೆ ಹೇಳುವುದಿಲ್ಲ.
ಹನ್ನೊಂದು ಸಿಲಿಂಡರ್, ಹತ್ತೊಂಬತ್ತು ಮಂದಿ ಇದ್ದ ರಾತ್ರಿ
ನಾನು ಯಾವ ಬಾಗಿಲಿಗೆ ಮೊದಲು ತಿರುಗಿದೆ ಎಂಬುದು
ಸಿಸ್ಟರ್ ಸೆರಾಫಿನಾಗೆ ಗೊತ್ತು, ನನಗೆ ಗೊತ್ತು.

ಈಗ ಹೊಸ ಬ್ಲಾಕು. ಗಾಜು, ಲಿಫ್ಟು, ತೆರೆಯಲಾಗದ ಕಿಟಕಿ.
ದೀಪ ಕಟ್ಟಿದ ನಳಿಗೆ ಎದೆಯೊಳಗಿಳಿದು
ಒಳಗಿನ ಕೆಂಪು ಓಣಿಗಳನ್ನು ಟೀವಿಯಲ್ಲಿ ತೋರಿಸುತ್ತದೆ.
ಕಫ ಕೊಟ್ಟ ಎರಡು ಗಂಟೆಗೆ ಮೆಷಿನ್ನೇ ಹೇಳುತ್ತದೆ
ಹೌದೋ ಅಲ್ಲವೋ.
ಹಿಂದುಗಡೆ ಮಂಜುಗಟ್ಟಿದ ಬಿಳಿ ಟ್ಯಾಂಕು,
ಗೋಡೆಯೊಳಗೆ ತಾಮ್ರದ ಪೈಪು.
ನನಗೊಂದು ಕುರ್ಚಿ, ಒಂದು ಮೊಬೈಲು:
ಗಂಟೆಗೊಮ್ಮೆ ಗೇಜು ನೋಡಿ ಅಂಕಿ ಒತ್ತಬೇಕು.

ಮೊನ್ನೆ ಟ್ಯಾಂಕ್ ಮೊಹಲ್ಲಾದ ಮೆಹರುನ್ನೀಸಾ,
ನಲವತ್ತು ವರ್ಷ ಬೀಡಿ ಕಟ್ಟಿ ಒಂದನ್ನೂ ಸೇದದವಳು,
ಮಾಸ್ಕು ಕಿತ್ತೆಸೆದಳು.
‘ಸುಳ್ಳು. ಗಾಳಿ ಬರ್ತಿಲ್ಲ. ಸದ್ದೇ ಇಲ್ಲವಲ್ಲ.
ನಿನ್ನ ಕಬ್ಬಿಣದ್ದು ತಗೊಂಡು ಬಾ.’

ಶೆಡ್ಡಿನಲ್ಲಿ ಒಂದಿತ್ತು, ಖಾಲಿ, ಬಾಗಿಲಿಗೆ ಆಸರೆಯಾಗಿ.
ಉರುಳಿಸಿಕೊಂಡು ಬಂದು ಸುಮ್ಮನೆ ಠಣ್ಣೆನಿಸಲೇ?
ಮನಸ್ಸು ಹೋಯಿತು. ಕಾಲು ಹೋಗಲಿಲ್ಲ.
ಗೋಡೆಯ ನೀರಿನ ಬಾಟಲಿಯತ್ತ ಅವಳ ತಲೆ ತಿರುಗಿಸಿದೆ.
‘ಅಗೋ, ಗುಳ್ಳೆ. ಅದೇ ಗಾಳಿ.’

ನೋಡಿದಳು. ನಮಗದು ಒಂದೇ ನೊರೆ,
ಅವಳ ಕಣ್ಣಿಗೆ ಬಿಡಿಬಿಡಿ.
ಮಾಸ್ಕು ತಾನೇ ಹಾಕಿಕೊಂಡು ಬೆರಳಲ್ಲಿ ಎಣಿಸತೊಡಗಿದಳು.
ಇಪ್ಪತ್ತೈದಾದರೆ ಒಂದು ಕಟ್ಟು.
‘ನಲವತ್ತು ಕಟ್ಟಿಗೆ ಸಾವಿರ. ಸಾವಿರಕ್ಕೆ ಎಷ್ಟು ಕೊಡ್ತಾರೆ ಇಲ್ಲಿ?’

ಗೇಜು ನೋಡುವ ಹೊತ್ತಾಗಿತ್ತು. ಕೂತೇ ಇದ್ದೆ.
ಹದಿನೇಳನೇ ಕಟ್ಟಿನ ನಡುವೆ ಜೊಂಪು ಬಂದು
ಲೆಕ್ಕ ತಪ್ಪಿತು ಅವಳಿಗೆ.
ಎಲ್ಲಿದ್ದೆ, ಎಂದು ಕಣ್ಣಲ್ಲೇ ಕೇಳಿದಳು.

‘ಒಂಬತ್ತು,’ ಎಂದೆ.